ವಿಳಾಸವಿಲ್ಲದ ವಿದ್ಯಾರ್ಥಿ

ಮನೆಯನ್ನು ಕಳೆದುಕೊಂಡ ಮಗು ಶಾಲೆಯನ್ನೂ ಕಳೆದುಕೊಳ್ಳಬೇಕೆ? ಈ ಪ್ರಶ್ನೆಗೆ ಅಮೆರಿಕ ದೇಶವು ಉತ್ತರ ಹುಡುಕಿಕೊಂಡ ಕಥೆ ಇದು.

ಅಮೆರಿಕದ ದೊಡ್ಡ ಪಟ್ಟಣವೊಂದರ ಶಾಲಾ ಕಚೇರಿಯನ್ನು ಓದುಗರು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಕಾಲ, 1980ರ ದಶಕ. ಹಿಮ ಬಿದ್ದ ಒಂದು ಬೆಳಗ್ಗೆ ತಾಯಿಯೊಬ್ಬಳು ಎಂಟು ವರ್ಷದ ಮಗಳ ಕೈಹಿಡಿದು ಗುಮಾಸ್ತರ ಮೇಜಿನೆದುರು ನಿಂತಿದ್ದಾಳೆ. ಮಗುವನ್ನು ಮೂರನೆಯ ತರಗತಿಗೆ ಸೇರಿಸಬೇಕಾಗಿದೆ. ಗುಮಾಸ್ತರು ಒರಟರಲ್ಲ, ನಗುಮುಖದಿಂದಲೇ ಲೇಖನಿ ತೆಗೆದು ಕೇಳುತ್ತಾರೆ:

“ತಮ್ಮ ವಿಳಾಸವೇನು, ತಾಯಿ?”

ಆಕೆ ಸುಮ್ಮನಾಗುತ್ತಾಳೆ. ಬಾಡಿಗೆ ಕೊಡಲಾರದೆ ಮನೆ ಬಿಟ್ಟು ತಿಂಗಳಾಗಿದೆ. ಹತ್ತು ದಿನ ತಂಗಿಯ ಮನೆಯ ನಡುಮನೆಯಲ್ಲಿ, ನೆಲದ ಮೇಲೆ ಮಲಗಿದ್ದಾಯಿತು. ನಾಲ್ಕು ರಾತ್ರಿ ಹಳೆಯ ಮೋಟಾರು ಕಾರಿನಲ್ಲಿ ಕಳೆಯಿತು. ಈಗ ಇರುವುದು ಧರ್ಮಸಂಸ್ಥೆಯೊಂದರ ಆಶ್ರಯಧಾಮದಲ್ಲಿ. ಅಲ್ಲಿಯೂ ಬಹುಕಾಲ ಇರಗೊಡುವುದಿಲ್ಲ. ಇವುಗಳಲ್ಲಿ ಯಾವುದನ್ನು ವಿಳಾಸವೆಂದು ಹೇಳಬೇಕು?

ಗುಮಾಸ್ತರು ಮುಂದಿನ ಪ್ರಶ್ನೆಗಳನ್ನು ಕೇಳುತ್ತಾರೆ. ಬಾಡಿಗೆಯ ಕರಾರು ಪತ್ರವಿದೆಯೆ? ವಿದ್ಯುಚ್ಛಕ್ತಿಯ ಬಿಲ್ಲು? ಮಗುವಿನ ಜನನಪತ್ರ? ಲಸಿಕೆ ಹಾಕಿಸಿದ ದಾಖಲೆ? ಹಿಂದಿನ ಶಾಲೆಯ ವರ್ಗಾವಣೆಯ ಕಾಗದ? ಅವೆಲ್ಲವೂ ಒಂದು ಪೆಟ್ಟಿಗೆಯಲ್ಲಿದ್ದುವು. ಆ ಪೆಟ್ಟಿಗೆ ಎಲ್ಲಿ ಉಳಿಯಿತೋ ಆಕೆಗೂ ತಿಳಿಯದು. “ಕಾಗದಗಳೆಲ್ಲ ಕೂಡಿದ ಮೇಲೆ ಬನ್ನಿ” ಎನ್ನುತ್ತಾರೆ ಗುಮಾಸ್ತರು. ತಾಯಿಮಗಳು ಹಿಂದಿರುಗುತ್ತಾರೆ.

ಈ ತಾಯಿಮಗಳು ನಾವು ಕಲ್ಪಿಸಿಕೊಂಡವರು. ಆದರೆ ಆ ಮೇಜು, ಆ ಪ್ರಶ್ನೆಗಳು, ಆ ಹಿಂದಿರುಗುವಿಕೆ ಕಲ್ಪನೆಯಲ್ಲ. ಪ್ರಪಂಚದಲ್ಲಿಯೇ ಸಿರಿವಂತವೆನಿಸಿದ ದೇಶದಲ್ಲಿ ಸಹಸ್ರಾರು ಮಕ್ಕಳು ಹೀಗೆ ಶಾಲೆಯ ಹೊಸ್ತಿಲಿನಿಂದಲೇ ಹಿಂದಿರುಗುತ್ತಿದ್ದರು. ಅವರ ಅಪರಾಧ ಒಂದೇ: ಅವರಿಗೆ ಮನೆಯಿರಲಿಲ್ಲ.

ವಿಳಾಸಕ್ಕೇಕೆ ಇಷ್ಟು ಬೆಲೆ?

ಅಮೆರಿಕದ ಸಾರ್ವಜನಿಕ ಶಾಲೆಗಳಲ್ಲಿ ವಿದ್ಯಾಭ್ಯಾಸ ಉಚಿತ. ಆದರೆ ಅವುಗಳನ್ನು ನಡೆಸುವುದು ಕೇಂದ್ರ ಸರ್ಕಾರವಲ್ಲ. ದೇಶದ ತುಂಬ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಅವು ನಮ್ಮ ಜಿಲ್ಲೆಗಳಷ್ಟು ದೊಡ್ಡವೆಂದು ತಿಳಿಯಬಾರದು. ಕೆಲವು ಒಂದು ಮಹಾನಗರವನ್ನೇ ಆವರಿಸಿದ್ದರೆ, ಇನ್ನು ಕೆಲವಕ್ಕೆ ಒಂದೆರಡು ಶಾಲೆಗಳೇ ಸರ್ವಸ್ವ. ಬಹುಮಟ್ಟಿಗೆ ಊರ ಜನರೇ ಆರಿಸಿದ ಮಂಡಳಿಯು ಇವುಗಳ ಆಡಳಿತ ನಡೆಸುತ್ತದೆ. ಶಾಲೆಗೆ ಬೇಕಾದ ಹಣದಲ್ಲಿ ದೊಡ್ಡದೊಂದು ಪಾಲು ಆ ಊರಿನ ಮನೆ ನಿವೇಶನಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಆದುದರಿಂದ “ನಮ್ಮ ತೆರಿಗೆಯ ಶಾಲೆ ನಮ್ಮ ಊರಿನ ಮಕ್ಕಳಿಗೆ” ಎಂಬ ಭಾವನೆ ಅಲ್ಲಿ ಬೇರೂರಿದೆ. ಊರಿನವರು ಯಾರು ಎಂಬುದನ್ನು ತಿಳಿಯಲು ವಿಳಾಸವೇ ಸಾಕ್ಷಿ.

ಮನೆಯಿಲ್ಲದವರನ್ನು ಹೊರಗಿಡಬೇಕೆಂಬ ದುರುದ್ದೇಶದಿಂದ ಈ ನಿಯಮವನ್ನು ಮಾಡಿದುದಲ್ಲ. ಆದರೆ ನಿಯಮ ಮಾಡಿದವರ ಕಣ್ಣ ಮುಂದೆ ಇದ್ದುದು ಮನೆಯುಳ್ಳ ಮಗು ಮಾತ್ರ. ಮನೆಯನ್ನು ಕಳೆದುಕೊಂಡ ಕುಟುಂಬವು ಪಕ್ಕದ ಊರಿನ ಆಶ್ರಯಧಾಮವನ್ನು ಸೇರಿದರೆ ಏನಾಗುತ್ತಿತ್ತು? “ನೀವು ನಮ್ಮ ಎಲ್ಲೆಯನ್ನು ಬಿಟ್ಟು ಹೋದಿರಿ” ಎಂದು ಹಳೆಯ ಶಾಲೆ ಹೇಳುತ್ತಿತ್ತು. “ಆಶ್ರಯಧಾಮ ನಾಲ್ಕು ದಿನದ ಬಿಡಾರ, ಅದನ್ನು ವಾಸಸ್ಥಳವೆಂದು ಒಪ್ಪಲಾಗದು” ಎಂದು ಹೊಸ ಶಾಲೆ ಹೇಳುತ್ತಿತ್ತು. ಅತ್ತ ಸ್ವರ್ಗವೂ ಇಲ್ಲ, ಇತ್ತ ಭೂಮಿಯೂ ಇಲ್ಲ. ಮಗುವಿಗೆ ತ್ರಿಶಂಕುವಿನ ಸ್ಥಿತಿ.

ಮೊದಲು ಅಮೆರಿಕದಲ್ಲಿ ‘ಮನೆಯಿಲ್ಲದವರು’ ಎಂದರೆ ಬೀದಿಬದಿಯಲ್ಲಿ ಒರಗಿರುವ ಒಂಟಿ ಗಂಡಸಿನ ಚಿತ್ರವೇ ಜನರ ಮನಸ್ಸಿನಲ್ಲಿ ಮೂಡುತ್ತಿತ್ತು. 1980ರ ದಶಕದಲ್ಲಿ ಆ ಚಿತ್ರ ಬದಲಾಯಿತು. ಅಗ್ಗದ ಬಾಡಿಗೆಯ ಮನೆಗಳು ನಗರಗಳಿಂದ ಮಾಯವಾಗುತ್ತ ಬಂದುವು; ಬಡವರ ವಸತಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ನೆರವು ಇಳಿಯಿತು; ದಶಕದ ಆರಂಭದಲ್ಲಿ ಬಂದ ಆರ್ಥಿಕ ಮುಗ್ಗಟ್ಟು ಅನೇಕರ ಉದ್ಯೋಗವನ್ನು ಕಿತ್ತುಕೊಂಡಿತು. ಆಶ್ರಯಧಾಮಗಳ ಬಾಗಿಲಲ್ಲಿ ಈಗ ತಾಯಂದಿರು, ಕಂಕುಳಲ್ಲಿ ಕೂಸು, ಕೈಯಲ್ಲಿ ಶಾಲೆಯ ಚೀಲ ಹಿಡಿದ ಮಕ್ಕಳು ಕಾಣಿಸತೊಡಗಿದರು.

ಬೀದಿಯಲ್ಲಿ ಮಲಗಿದ ಶಾಸಕರು

1987ರ ಮಾರ್ಚ್ ತಿಂಗಳ ಆರಂಭದಲ್ಲಿ ರಾಜಧಾನಿ ವಾಷಿಂಗ್‌ಟನ್ನಿನಲ್ಲಿ ಒಂದು ವಿಚಿತ್ರ ದೃಶ್ಯ ಕಂಡುಬಂದಿತು. ಅಲ್ಲಿಯ ದೊಡ್ಡ ಕಟ್ಟಡಗಳ ಬುಡದಲ್ಲಿ, ಕಾಲುದಾರಿಯ ಮೇಲೆ ಕಬ್ಬಿಣದ ಜಾಲರಿಗಳಿರುತ್ತವೆ. ಒಳಗಿನ ಬಿಸಿಗಾಳಿ ಅವುಗಳ ಮೂಲಕ ಹೊರಬರುವುದರಿಂದ, ಮನೆಯಿಲ್ಲದವರು ಚಳಿಗಾಲದಲ್ಲಿ ಅವುಗಳ ಮೇಲೆಯೇ ರಾತ್ರಿ ಕಳೆಯುತ್ತಾರೆ. ಆ ದಿನ ಅಂಥ ಜಾಲರಿಗಳ ಮೇಲೆ ಕಂಬಳಿ ಹೊದ್ದು ಮಲಗಿದವರಲ್ಲಿ ದೇಶದ ಶಾಸನಸಭೆಯ ಹಲವರು ಸದಸ್ಯರಿದ್ದರು. ಪ್ರಸಿದ್ಧ ನಟ ಮಾರ್ಟಿನ್ ಷೀನ್ ಇದ್ದರು. ವಸತಿಹೀನರಿಗಾಗಿ ವರ್ಷಗಟ್ಟಲೆ ಹೋರಾಡಿ, ಉಪವಾಸಗಳನ್ನು ಕೈಗೊಂಡಿದ್ದ ಮಿಚ್ ಸ್ನೈಡರ್ ಅವರು ಇದರ ಹಿಂದಿದ್ದರು.

ಹಾಗೆ ಮಲಗಿದವರಲ್ಲಿ ಒಬ್ಬರು ಕನೆಕ್ಟಿಕಟ್ ರಾಜ್ಯದ ಪ್ರತಿನಿಧಿ ಸ್ಟುವರ್ಟ್ ಮೆಕಿನಿ. ಅವರು ಅಧ್ಯಕ್ಷ ರೇಗನ್ ಅವರ ರಿಪಬ್ಲಿಕನ್ ಪಕ್ಷಕ್ಕೇ ಸೇರಿದವರು; ಬಡವರ ಪರವಾಗಿ ಸ್ವಪಕ್ಷದವರೊಡನೆಯೇ ವಾದಿಸುವುದು ಅವರಿಗೆ ಹೊಸದಾಗಿರಲಿಲ್ಲ. ಆ ರಾತ್ರಿಗಾಗಲೇ ಅವರ ಆರೋಗ್ಯ ಕೆಟ್ಟಿತ್ತು. ಎರಡು ತಿಂಗಳು ಕಳೆದ ಕೆಲವೇ ದಿನಗಳಲ್ಲಿ, ಮೇ 7ರಂದು, ತಮ್ಮ 56ನೆಯ ವಯಸ್ಸಿನಲ್ಲಿ ಅವರು ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡರು.

ವಸತಿಹೀನರ ನೆರವಿಗಾಗಿ ಆಗ ಸಿದ್ಧವಾಗುತ್ತಿದ್ದ ಮಸೂದೆಗೆ ಅವರ ಹೆಸರನ್ನೇ ಇಟ್ಟರು. 1987ರ ಜುಲೈ 22ರಂದು ಅಧ್ಯಕ್ಷ ರೇಗನ್ ಅದಕ್ಕೆ ಅಂಕಿತ ಹಾಕಿದರು. ಆಶ್ರಯಧಾಮ, ಆಹಾರ, ವೈದ್ಯಕೀಯ ನೆರವುಗಳ ನಡುವೆ ಅದರಲ್ಲಿ ಶಾಲೆಯನ್ನು ಕುರಿತ ಒಂದು ಭಾಗವೂ ಇತ್ತು. ಅದರ ಸಾರ ಇಷ್ಟೆ: ಉಳಿದ ಮಕ್ಕಳಿಗೆ ಯಾವ ಉಚಿತ ವಿದ್ಯಾಭ್ಯಾಸ ದೊರೆಯುತ್ತದೆಯೋ ಅದೇ ವಿದ್ಯಾಭ್ಯಾಸಕ್ಕೆ ಮನೆಯಿಲ್ಲದ ಮಗುವೂ ಸಮಾನ ಹಕ್ಕುದಾರ.

ಮುಂದೆ 2000ದಲ್ಲಿ ಈ ಶಾಸನಕ್ಕೆ ಇನ್ನೊಂದು ಹೆಸರೂ ಕೂಡಿತು. ಮಿನ್ನೆಸೋಟ ರಾಜ್ಯದ ಪ್ರತಿನಿಧಿ ಬ್ರೂಸ್ ವೆಂಟೋ ಅವರು ಡೆಮೊಕ್ರಾಟಿಕ್ ಪಕ್ಷದವರು; ರಾಜಕೀಯಕ್ಕೆ ಬರುವ ಮೊದಲು ವಿಜ್ಞಾನ ಬೋಧಿಸುತ್ತಿದ್ದ ಉಪಾಧ್ಯಾಯರು. ಈ ಶಾಸನಕ್ಕೆ ಪ್ರತಿ ವರ್ಷವೂ ಹಣ ದೊರಕಿಸಿಕೊಡಲು ಅವರು ಬಹಳ ಶ್ರಮಿಸಿದ್ದರು. 2000ದ ಅಕ್ಟೋಬರಿನಲ್ಲಿ ಅವರು ತೀರಿಕೊಂಡ ಮೇಲೆ ಅದು ‘ಮೆಕಿನಿ–ವೆಂಟೋ ಕಾಯಿದೆ’ ಎಂದಾಯಿತು. ಎದುರು ಪಕ್ಷಗಳ ಇಬ್ಬರ ಹೆಸರು ಒಂದೇ ಶಾಸನದಲ್ಲಿ ಜೊತೆಯಾಗಿ ನಿಂತಿರುವುದು ಅಪರೂಪವೇ ಸರಿ.

ಕಾಗದದ ಮೇಲಿನ ಹಕ್ಕು

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಅಮೆರಿಕಕ್ಕೂ ಸಲ್ಲುತ್ತದೆ. ಶಾಸನವು ಹಕ್ಕನ್ನು ಸಾರಿತು. ಆದರೆ ಶಾಲೆಯ ಮೇಜಿನ ಹಿಂದೆ ಕುಳಿತವರಿಗೆ ಆ ಸುದ್ದಿ ಮುಟ್ಟುವುದು ನಿಧಾನವಾಯಿತು. ಆರಂಭದ ಶಾಸನದಲ್ಲಿ ದೋಷಗಳೂ ಇದ್ದುವು. ವಿಳಾಸದ ನಿಯಮವನ್ನು ಸಡಿಲಿಸಿರೆಂದು ಅದು ರಾಜ್ಯಗಳಿಗೆ ಹೇಳಿತೇ ಹೊರತು ಲಸಿಕೆಯ ಪತ್ರ, ಜನನಪತ್ರ, ಬಸ್ಸಿನ ಖರ್ಚು ಮುಂತಾದ ಇತರ ತಡೆಗಳನ್ನು ಗಮನಿಸಿರಲಿಲ್ಲ. 1990ರ ತಿದ್ದುಪಡಿ ಆ ತಡೆಗಳ ಕಡೆಗೂ ಕೈಚಾಚಿತು. ಆದರೂ ಮಕ್ಕಳ ಪಾಲಿಗೆ ಹಕ್ಕು ಕೈಗೆಟುಕಲಿಲ್ಲ.

ರಾಜಧಾನಿ ವಾಷಿಂಗ್‌ಟನ್ನಿನಲ್ಲಿಯೇ ನಡೆದುದನ್ನು ನೋಡಿರಿ. ತಮ್ಮ ಮಕ್ಕಳಿಗೆ ಶಾಸನದ ಪ್ರಯೋಜನ ದೊರೆಯುತ್ತಿಲ್ಲ, ದೂರದ ಆಶ್ರಯಧಾಮಗಳಿಂದ ಶಾಲೆಗೆ ಹೋಗಿಬರಲು ನೆರವಿಲ್ಲ ಎಂದು ವಸತಿಹೀನ ಕುಟುಂಬಗಳು ನಗರಾಡಳಿತದ ಮೇಲೆ ಮೊಕದ್ದಮೆ ಹೂಡಿದುವು. ಈ ಹಕ್ಕು ಬರಿಯ ಸದಾಶಯವಲ್ಲ, ನ್ಯಾಯಾಲಯದ ಮೂಲಕ ಪಡೆಯಬಹುದಾದುದು ಎಂದು 1994ರಲ್ಲಿ ಮೇಲ್ಮನವಿಯ ನ್ಯಾಯಾಲಯ ತೀರ್ಪಿತ್ತಿತು. ಮಕ್ಕಳು ಗೆದ್ದರೆಂದು ಎಲ್ಲರೂ ಭಾವಿಸಿದರು. ಆದರೆ ಶಾಸನದ ಕಟ್ಟುಪಾಡುಗಳು ಅನ್ವಯಿಸುತ್ತಿದ್ದುದು ಅದರ ಅನುದಾನವನ್ನು ಪಡೆದವರಿಗೆ ಮಾತ್ರ. ನಗರಾಡಳಿತವು ಲೆಕ್ಕ ಹಾಕಿ ನೋಡಿತು. ಅನುದಾನವೇ ಬೇಡವೆಂದು ಕೈಬಿಟ್ಟಿತು! ಅನುದಾನ ಹೋದ ಮೇಲೆ ಆಜ್ಞೆಯೂ ನಿಲ್ಲಲಿಲ್ಲ. 1995ರಲ್ಲಿ ನ್ಯಾಯಾಲಯವು ಅದನ್ನು ತೆರವುಗೊಳಿಸಬೇಕಾಯಿತು. ಯಾವ ಊರಿನ ಬೀದಿಯಲ್ಲಿ ಶಾಸಕರು ಮಲಗಿದ್ದರೋ ಆ ಊರಿನಲ್ಲಿಯೇ ಶಾಸನಕ್ಕೆ ಈ ಗತಿ ಬಂದಿತು. ನಗರವು ಮತ್ತೆ ಆ ವ್ಯವಸ್ಥೆಯೊಳಗೆ ಬಂದುದು ಆ ಬಳಿಕ.

ಷಿಕಾಗೋ ನಗರದಲ್ಲಿ 1992ರಲ್ಲಿ ಇಂಥದೇ ಮೊಕದ್ದಮೆ ಹೂಡಲ್ಪಟ್ಟಿತು. 1996ರಲ್ಲಿ ರಾಜಿಯಾಯಿತು. ರಾಜಿಯ ಷರತ್ತುಗಳು ನಡೆಯುತ್ತಿಲ್ಲವೆಂದು 1999ರಲ್ಲಿ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಈ ನಡುವೆ ಷಿಕಾಗೋ ಇರುವ ಇಲಿನಾಯ್ ರಾಜ್ಯವು ತನ್ನದೇ ಆದ ಗಟ್ಟಿಯಾದ ಕಾಯಿದೆಯೊಂದನ್ನು ಮಾಡಿತು. ಅದನ್ನು ಮಾದರಿಯಾಗಿಟ್ಟುಕೊಂಡು, ಆ ರಾಜ್ಯದ ಪ್ರತಿನಿಧಿ ಜೂಡಿ ಬಿಗರ್ಟ್ ಎಂಬ ಮಹಿಳೆಯು ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿಯನ್ನು ಮುಂದಿಟ್ಟರು. 2002ರ ಜನವರಿಯಲ್ಲಿ ಅಂಕಿತ ಪಡೆದ ದೊಡ್ಡ ಶಿಕ್ಷಣ ಶಾಸನದ ಅಂಗವಾಗಿ ಅದು ಜಾರಿಗೆ ಬಂದಿತು. ಕಾಗದದ ಮೇಲಿನ ಹಕ್ಕಿಗೆ ಕೈಕಾಲು ಮೂಡಿದುದು ಆಗಲೇ.

ಬದಲಾಗದ ಒಂದು ಸ್ಥಳ

ಆ ಕಾಯಿದೆಯ ಹಿಂದಿರುವ ವಿಚಾರ ಸರಳವಾದುದು. ಮನೆ ಹೋದ ಮಗುವಿಗೆ ಏನೇನು ಹೋಗುತ್ತದೆಂದು ಎಣಿಸಿ ನೋಡಿರಿ. ಮಲಗುವ ಜಾಗ, ಆಟದ ಸಾಮಾನು, ನೆರೆಮನೆಯ ಗೆಳತಿ, ಊಟದ ಹೊತ್ತು, ದೀಪದ ಕೆಳಗೆ ಕುಳಿತು ಓದುತ್ತಿದ್ದ ಮೂಲೆ, ಎಲ್ಲವೂ ಹೋಗುತ್ತವೆ. ಉಳಿಯಬಹುದಾದುದು ಶಾಲೆ ಒಂದೇ. ಅಲ್ಲಿ ಅದೇ ಉಪಾಧ್ಯಾಯಿನಿ, ಅದೇ ಬೆಂಚು, ಅದೇ ಗಂಟೆ. ಅಲ್ಲಿ ಮಧ್ಯಾಹ್ನದ ಊಟವೂ ಉಂಟು. ವಸತಿಹೀನ ಮಕ್ಕಳಿಗೆ ಆ ಊಟ ಉಚಿತ. ಹಾಗಿರುವಾಗ, ಬಿಡಾರ ಬದಲಾದಂತೆಲ್ಲ ಶಾಲೆಯನ್ನೂ ಬದಲಾಯಿಸುವುದು ಉಳಿದಿರುವ ಒಂದು ಕಂಬವನ್ನೂ ಕಿತ್ತಂತಲ್ಲವೆ?

ಆದುದರಿಂದ ಕಾಯಿದೆಯು ‘ಮೂಲಶಾಲೆ’ ಎಂಬ ಕಲ್ಪನೆಯನ್ನು ಮುಂದಿಟ್ಟಿತು. ಮನೆ ಕಳೆದುಕೊಳ್ಳುವ ಮೊದಲು ಮಗು ಓದುತ್ತಿದ್ದ ಶಾಲೆಯೇ ಅದರ ಮೂಲಶಾಲೆ. ಕುಟುಂಬವು ಬೇರೆ ಊರಿನ ಎಲ್ಲೆಗೆ ಹೋದರೂ, ಮಗುವಿಗೆ ಹಿತವೆಂದು ಕಂಡರೆ, ಅದು ಅಲ್ಲಿಯೇ ಓದನ್ನು ಮುಂದುವರಿಸಬಹುದು. ಮನೆಯಿಲ್ಲದಷ್ಟು ಕಾಲವೂ ಆ ಹಕ್ಕು ಇರುತ್ತದೆ. ವರ್ಷದ ನಡುವೆ ಮನೆ ಸಿಕ್ಕಿತೆಂದು ಕೂಡಲೇ ಹೊರಗಟ್ಟುವಂತಿಲ್ಲ, ಆ ಶಾಲಾವರ್ಷ ಮುಗಿಯುವವರೆಗೂ ಉಳಿಯಬಹುದು. ಹೋಗಿಬರಲು ವಾಹನದ ಏರ್ಪಾಡು ಶಾಲಾ ಜಿಲ್ಲೆಯದು. ಎರಡು ಜಿಲ್ಲೆಗಳಿಗೆ ಖರ್ಚಿನ ವಿಷಯದಲ್ಲಿ ಹೊಂದಾಣಿಕೆಯಾಗದಿದ್ದರೆ ಇಬ್ಬರೂ ಸಮಪಾಲು ಹೊರಬೇಕು.

ಹೊಸ ಶಾಲೆಗೆ ಸೇರುವುದೇ ಲೇಸೆಂದು ಕಂಡರೆ, ಆ ಶಾಲೆಯು ಮಗುವನ್ನು ಒಡನೆಯೇ ಸೇರಿಸಿಕೊಳ್ಳಬೇಕು. ಕಾಗದಪತ್ರ ಇಲ್ಲವೆಂಬುದು ಕಾರಣವಾಗಲಾರದು. ಹಿಂದಿನ ದಾಖಲೆಗಳನ್ನು ತರಿಸಿಕೊಳ್ಳುವ ಹೊಣೆ ಶಾಲೆಯದು, ತಾಯಿಯದಲ್ಲ. ಲಸಿಕೆ ಆಗಿಲ್ಲದಿದ್ದರೆ ಅದನ್ನು ಹಾಕಿಸಿಕೊಳ್ಳಲು ನೆರವಾಗಬೇಕು; ಅಲ್ಲಿಯವರೆಗೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಶಾಲೆಗೂ ಪೋಷಕರಿಗೂ ವಿವಾದವೆದ್ದರೆ, ವಿವಾದ ತೀರುವವರೆಗೆ ಮಗು ಪೋಷಕರು ಕೇಳಿದ ಶಾಲೆಯಲ್ಲಿಯೇ ಕುಳಿತಿರುತ್ತದೆ. ಮೊದಲು ಮಗು ತರಗತಿಯೊಳಗೆ, ವಾದ ಆಮೇಲೆ.

ಇವೆಲ್ಲಕ್ಕಿಂತ ಹೆಚ್ಚಿನದೆಂದು ತೋರುವ ಇನ್ನೊಂದು ಏರ್ಪಾಡಿದೆ. ಪ್ರತಿಯೊಂದು ಶಾಲಾ ಜಿಲ್ಲೆಯಲ್ಲಿಯೂ ವಸತಿಹೀನ ಮಕ್ಕಳಿಗಾಗಿ ಒಬ್ಬ ಸಂಪರ್ಕಾಧಿಕಾರಿ ಇರಲೇಬೇಕು. ಈ ಮಕ್ಕಳು ತಾವಾಗಿ ಬಂದು “ನಮಗೆ ಮನೆಯಿಲ್ಲ” ಎಂದು ಹೇಳುವವರಲ್ಲ. ಗೆಳೆಯರು ನಕ್ಕಾರೆಂಬ ನಾಚಿಕೆ. ತಾಯಿಯಿಂದ ತಮ್ಮನ್ನು ಬೇರ್ಪಡಿಸಿಯಾರೆಂಬ ಭಯ. ಹುಡುಕಬೇಕಾದವರು ದೊಡ್ಡವರು. ಮಧ್ಯಾಹ್ನದ ರೊಟ್ಟಿಯನ್ನು ತಿನ್ನದೆ ಚೀಲದಲ್ಲಿ ಮುಚ್ಚಿಡುವ ಹುಡುಗ, ಪಾಠದ ನಡುವೆ ತೂಕಡಿಸುವ ಹುಡುಗಿ, ವಾರವಿಡೀ ಒಂದೇ ಅಂಗಿ ತೊಟ್ಟು ಬರುವವನು, ಶುಕ್ರವಾರ ಸಂಜೆ ಶಾಲೆ ಬಿಟ್ಟರೂ ಹೊರಡಲು ಮನಸ್ಸಿಲ್ಲದವನು. ಇಂಥವರ ಕಡೆ ಕಣ್ಣಿಡಲು ಉಪಾಧ್ಯಾಯರಿಗೆ ಕಲಿಸುವುದು ಈ ಅಧಿಕಾರಿಯ ಕೆಲಸಗಳಲ್ಲೊಂದು. ಆಶ್ರಯಧಾಮ, ಸಾರ್ವಜನಿಕ ಗ್ರಂಥಾಲಯ, ಅನ್ನಛತ್ರಗಳಲ್ಲಿ ಈ ಹಕ್ಕಿನ ವಿಷಯ ಬರೆದು ಹಚ್ಚುವುದು ಇನ್ನೊಂದು.

‘ಮನೆಯಿಲ್ಲದ ಮಗು’ ಎಂದರೆ ಯಾರು ಎಂಬುದನ್ನೂ ಕಾಯಿದೆ ಬಿಡಿಸಿ ಹೇಳಿತು: ರಾತ್ರಿ ಮಲಗಲು ಸ್ಥಿರವಾದ, ನಿಯತವಾದ, ತಕ್ಕುದಾದ ಜಾಗವಿಲ್ಲದ ಮಗು. ಆಶ್ರಯಧಾಮ, ಕಾರು, ಉದ್ಯಾನ, ಬಸ್ ನಿಲ್ದಾಣಗಳಲ್ಲಿ ಮಲಗುವವರಷ್ಟೇ ಅಲ್ಲ. ಮನೆ ಕಳೆದುಕೊಂಡು ನೆಂಟರಿಷ್ಟರ ಮನೆಯ ಮೂಲೆಯಲ್ಲಿ ತಲೆಮರೆಸಿಕೊಂಡವರೂ ಇದರಲ್ಲಿ ಸೇರುತ್ತಾರೆ. ಲೆಕ್ಕ ಹಾಕಿದಾಗ ತಿಳಿದುಬಂದುದೇನೆಂದರೆ, ನಾಲ್ವರಲ್ಲಿ ಮೂವರು ಈ ಕೊನೆಯ ಬಗೆಯವರೇ. ಬೀದಿಯಲ್ಲಿ ಕಣ್ಣಿಗೆ ಬೀಳುವವರು ಅತಿ ಸ್ವಲ್ಪ ಮಂದಿ.

ಬೇರೆ ಶಾಲೆಯೇ ಲೇಸೆ?

ಇಲ್ಲಿ ಓದುಗರಿಗೊಂದು ಸಂದೇಹ ಬರಬಹುದು. ಇಷ್ಟೊಂದು ಬಸ್ಸು, ಇಷ್ಟೊಂದು ಓಡಾಟವೇಕೆ? ಮನೆಯಿಲ್ಲದ ಮಕ್ಕಳಿಗೆಂದೇ ಒಂದು ಒಳ್ಳೆಯ ಶಾಲೆಯನ್ನು ತೆರೆಯಬಾರದೆ?

ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಹಾಗೆಯೇ ತೆರೆದರು. ಥಾಮಸ್ ಜೆ. ಪಪ್ಪಾಸ್ ಎಂಬವರ ಹೆಸರಿನ ಆ ಶಾಲೆಯಲ್ಲಿ ಪಾಠದ ಜೊತೆಗೆ ಊಟವಿತ್ತು, ಬಟ್ಟೆಯಿತ್ತು, ವೈದ್ಯರಿದ್ದರು. ಮಕ್ಕಳು ಎಲ್ಲಿದ್ದರೆ ಅಲ್ಲಿಗೆ ಬಸ್ಸು ಹೋಗುತ್ತಿತ್ತು. ದಾನಿಗಳು ಧಾರಾಳವಾಗಿ ಕೊಟ್ಟರು, ಪತ್ರಿಕೆಗಳು ಹೊಗಳಿದುವು. “ಇಲ್ಲಿ ನಮ್ಮನ್ನು ಯಾರೂ ಹಂಗಿಸುವುದಿಲ್ಲ” ಎಂಬ ನೆಮ್ಮದಿ ಅಲ್ಲಿಯ ಮಕ್ಕಳಿಗೂ ಇದ್ದಿರಬೇಕು. ಆ ಶಾಲೆಯನ್ನು ನಡೆಸಿದವರ ಕರುಣೆಯನ್ನು ಯಾರೂ ಶಂಕಿಸಲಾರರು.

ಆದರೂ ವಿರೋಧಿಗಳ ವಾದವನ್ನು ಕೇಳಬೇಕು. ವರ್ಣಭೇದದ ಶಾಲೆಗಳನ್ನು ಕುರಿತು ಆ ದೇಶದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಹೇಳಿದ ಮಾತು ಅವರ ಬಾಯಲ್ಲಿತ್ತು: ಪ್ರತ್ಯೇಕಿಸಿ ಕೊಟ್ಟ ವಿದ್ಯೆ ಸಮಾನ ವಿದ್ಯೆಯಾಗಲಾರದು. ಮನೆಯಿಲ್ಲದಿರುವುದು ಮಗುವಿನ ಜಾತಿಯಲ್ಲ; ಬಂದು ಹೋಗುವ ಒಂದು ವಿಪತ್ತು. ಅದನ್ನೇ ಶಾಲೆಯ ಬಾಗಿಲ ಮೇಲೆ ಹೆಸರಾಗಿ ಬರೆದರೆ, ವಿಪತ್ತು ಕಳೆದರೂ ಹೆಸರು ಉಳಿದೀತು. ಅಲ್ಲದೆ ಇಂಥ ಶಾಲೆ ಇದೆಯೆಂಬುದೇ ಉಳಿದ ಶಾಲೆಗಳಿಗೆ “ನಿಮಗೆ ಅಲ್ಲಿ ಜಾಗವಿದೆ, ಅಲ್ಲಿಗೆ ಹೋಗಿ” ಎನ್ನಲು ಅನುಕೂಲವಾಗುತ್ತದೆ. ಆ ಬಸ್ಸನ್ನು, ಆ ವೈದ್ಯರನ್ನು, ಆ ಬಟ್ಟೆಯನ್ನು ಎಲ್ಲ ಮಕ್ಕಳೂ ಓದುವ ಶಾಲೆಗೇ ತರಬಾರದೇಕೆ?

ಮಕ್ಕಳನ್ನು ಹೀಗೆ ಪ್ರತ್ಯೇಕಿಸಬಾರದೆಂದು 2002ರಲ್ಲಿ ಜಾರಿಯಾದ ತಿದ್ದುಪಡಿ ಸ್ಪಷ್ಟವಾಗಿ ವಿಧಿಸಿತು. ಆದರೆ ಅದಾಗಲೇ ನಡೆಯುತ್ತಿದ್ದ ಕೆಲವಕ್ಕೆ, ಫೀನಿಕ್ಸಿನ ಶಾಲೆಯೂ ಸೇರಿ, ವಿನಾಯಿತಿ ಕೊಟ್ಟಿತು. ಕರುಣೆಗೂ ಸಮಾನತೆಗೂ ನಡೆದ ಜಗ್ಗಾಟದಲ್ಲಿ ಶಾಸಕರು ಕಂಡುಕೊಂಡ ಮಧ್ಯಮಾರ್ಗವದು. ಪಪ್ಪಾಸ್ ಶಾಲೆ 2008ರಲ್ಲಿ ಮುಚ್ಚಿತು; ಅಲ್ಲಿಯ ಮಕ್ಕಳು ಉಳಿದ ಮಕ್ಕಳ ಶಾಲೆಗಳನ್ನು ಸೇರಬೇಕಾಯಿತು.

ಬಿರುಗಾಳಿ ಒಡ್ಡಿದ ಪರೀಕ್ಷೆ

2005ರ ಆಗಸ್ಟ್ 29ರಂದು ಕತ್ರಿನಾ ಎಂಬ ಚಂಡಮಾರುತವು ಅಮೆರಿಕದ ದಕ್ಷಿಣ ತೀರಕ್ಕೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರ ನೀರಿನಲ್ಲಿ ಮುಳುಗಿತು. ಸುಮಾರು 3,70,000 ಶಾಲಾಮಕ್ಕಳು ತಮ್ಮ ಊರುಗಳನ್ನು ಬಿಟ್ಟು ಬೇರೆ ಬೇರೆ ಕಡೆ ಚದರಿಹೋದರು. ಮನೆಯ ಕಾಗದಗಳಷ್ಟೇ ಅಲ್ಲ, ಎಷ್ಟೋ ಶಾಲೆಗಳೂ ಅವುಗಳ ದಾಖಲೆಗಳೂ ನೀರುಪಾಲಾಗಿದ್ದುವು. ಹಳೆಯ ನಿಯಮವೇ ಇದ್ದಿದ್ದರೆ ಈ ಮಕ್ಕಳು ಯಾವ ಪತ್ರವನ್ನು ತೋರಿಸಬೇಕಾಗಿತ್ತು? ಮೆಕಿನಿ–ವೆಂಟೋ ಕಾಯಿದೆಯಿಂದಾಗಿ, ಟೆಕ್ಸಾಸ್ ಮೊದಲಾದ ರಾಜ್ಯಗಳ ಶಾಲೆಗಳು ಅವರನ್ನು ಪತ್ರಗಳಿಲ್ಲದೆಯೇ ಸೇರಿಸಿಕೊಳ್ಳಲು ದಾರಿಯಿತ್ತು. ವಸತಿಹೀನತೆ ಎಂಬುದು ಯಾರೋ ಕೆಲವರ ಹಣೆಬರಹವೆಂದು ತಿಳಿದಿದ್ದವರಿಗೆ, ಅದು ಒಂದೇ ರಾತ್ರಿಯಲ್ಲಿ ಯಾರ ಮನೆಯ ಬಾಗಿಲನ್ನಾದರೂ ತಟ್ಟೀತೆಂಬ ಅರಿವು ಆಗ ಉಂಟಾಯಿತು.

ಎರಡನೆಯ ಪರೀಕ್ಷೆ 2020ರಲ್ಲಿ ಕೊರೋನಾ ವ್ಯಾಧಿಯ ರೂಪದಲ್ಲಿ ಬಂದಿತು. ಶಾಲೆಗಳು ಮುಚ್ಚಿದುವು, ಮನೆಯಲ್ಲಿಯೇ ಕುಳಿತು ಓದಬೇಕೆಂದರು. ಮನೆಯೇ ಇಲ್ಲದವರು ಎಲ್ಲಿ ಕುಳಿತುಕೊಳ್ಳಬೇಕು? ಆಗ ನಡೆದ ಒಂದು ಸಂಗತಿ ಯೋಚಿಸತಕ್ಕದ್ದು. 2019–20ರಲ್ಲಿ ಶಾಲೆಗಳು ಗುರುತಿಸಿದ್ದ ವಸತಿಹೀನ ಮಕ್ಕಳು ಸುಮಾರು 12 ಲಕ್ಷ 80 ಸಾವಿರ. 2020–21ರಲ್ಲಿ ಆ ಸಂಖ್ಯೆ 11 ಲಕ್ಷಕ್ಕೆ ಇಳಿಯಿತು. ಇಳಿದುದು ಮಕ್ಕಳ ಕಷ್ಟವಲ್ಲ. ಅವರನ್ನು ಕಾಣುತ್ತಿದ್ದ ಕಣ್ಣುಗಳು. ಉಪಾಧ್ಯಾಯರ ಎದುರಿಗೆ ಮಗುವೇ ಇಲ್ಲದಿದ್ದಾಗ ಅದರ ಮುಖ ಬಾಡಿರುವುದನ್ನು ನೋಡುವವರು ಯಾರು? ಶಾಲೆಗಳು ತೆರೆದ ಮೇಲೆ, 2022–23ರಲ್ಲಿ, ಸಂಖ್ಯೆ ಸುಮಾರು 13 ಲಕ್ಷ 70 ಸಾವಿರಕ್ಕೆ ಏರಿತು. ನ್ಯೂಯಾರ್ಕ್ ನಗರವೊಂದರಲ್ಲಿಯೇ 2023–24ರಲ್ಲಿ 1,46,000ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ವರ್ಷದ ಒಂದಲ್ಲ ಒಂದು ಕಾಲದಲ್ಲಿ ಮನೆಯಿಲ್ಲದವರಾಗಿದ್ದರು; ಎಂದರೆ ಎಂಟು ಮಕ್ಕಳಲ್ಲಿ ಒಬ್ಬರು!

ಬಾಗಿಲು ತೆರೆದರೆ ಸಮಾನತೆ ಬಂದಂತಾಯಿತೆ? ಇಲ್ಲ. 2018–19ರಲ್ಲಿ ಅಮೆರಿಕದ ನೂರು ವಿದ್ಯಾರ್ಥಿಗಳಲ್ಲಿ 86 ಮಂದಿ ಪ್ರೌಢಶಾಲೆಯ ವ್ಯಾಸಂಗವನ್ನು ಸಕಾಲದಲ್ಲಿ ಮುಗಿಸಿದರು. ಬಡಕುಟುಂಬಗಳವರಲ್ಲಿ ಆ ಸಂಖ್ಯೆ ಸುಮಾರು 80. ವಸತಿಹೀನರಲ್ಲಿ ಸುಮಾರು 68. ಬಡತನವೊಂದು ಹೊರೆ, ನೆಲೆಯಿಲ್ಲದಿರುವುದು ಅದರ ಮೇಲಿನ ಮತ್ತೊಂದು ಹೊರೆಯೆಂಬುದನ್ನು ಈ ಅಂಕಿಗಳು ಸಾರುತ್ತವೆ. ಹಣವೂ ಸಾಲದು. 2023ರಲ್ಲಿ ಈ ಕಾರ್ಯಕ್ಕೆ ಕೇಂದ್ರದಿಂದ ದೊರೆತುದು ಸುಮಾರು 13 ಕೋಟಿ ಡಾಲರು. ಮಗುವೊಂದಕ್ಕೆ ವರ್ಷಕ್ಕೆ ನೂರು ಡಾಲರೂ ಆಗದು. ಎಷ್ಟೋ ಊರುಗಳಲ್ಲಿ ಸಂಪರ್ಕಾಧಿಕಾರಿಗೆ ಇನ್ನೂ ನಾಲ್ಕಾರು ಕೆಲಸಗಳಿರುತ್ತವೆ. ಶಾಲೆ ಎಷ್ಟೇ ಮಾಡಿದರೂ ಮನೆಯನ್ನು ಕಟ್ಟಿಕೊಡಲಾರದು ಎಂಬುದಂತೂ ನಿಜ.

ಆದರೆ ಒಂದು ಬದಲಾವಣೆಯನ್ನು ಮರೆಯಬಾರದು. ಶಾಲೆಗೆ ಸೇರುವಾಗ ತುಂಬಿಸುವ ಪತ್ರಗಳಲ್ಲಿ, ಮಗು ಸದ್ಯ ರಾತ್ರಿ ಎಲ್ಲಿ ತಂಗುತ್ತದೆ ಎಂಬ ಪ್ರಶ್ನೆಯನ್ನು ಈಗ ಅಲ್ಲಿಯ ಅನೇಕ ಶಾಲೆಗಳು ಕೇಳುತ್ತವೆ: ಸ್ವಂತ ಮನೆಯೆ, ಬಾಡಿಗೆಯೆ, ನೆಂಟರ ಮನೆಯೆ, ಮೋಟೆಲ್ಲೆ, ಕಾರೆ? ಹಿಂದೆ ಇದೇ ಪ್ರಶ್ನೆ ಮಗುವನ್ನು ಹೊರಗೆ ಕಳುಹಿಸಲು ನೆಪವಾಗಿತ್ತು. ಈಗ ಅದು ಒಳಗೆ ಕರೆದು, ಬೇಕಾದ ನೆರವನ್ನು ಕೊಡಲು ದಾರಿಯಾಗಿದೆ.

ನಮ್ಮ ಅಂಗಳದಲ್ಲಿ

ಸಾವಿರಾರು ಮೈಲಿ ದೂರದ ಈ ಕಥೆ ನಮಗೇಕೆ ಎಂದು ಕೇಳುವವರು ಬೆಂಗಳೂರಿನಲ್ಲಿ ಕಟ್ಟಡ ಏಳುತ್ತಿರುವ ಯಾವುದಾದರೂ ಬೀದಿಗೆ ಹೋಗಿ ನಿಲ್ಲಲಿ. ಜಲ್ಲಿ ಮರಳುಗಳ ರಾಶಿಯ ಹಿಂದೆ ತಗಡಿನ ಷೆಡ್ಡು, ನೀಲಿಯ ಪ್ಲಾಸ್ಟಿಕ್ ಹೊದಿಕೆ. ಯಾದಗಿರಿ, ರಾಯಚೂರು, ಕಲಬುರಗಿಗಳ ಕಡೆಯಿಂದ ದುಡಿಮೆಗೆ ಬಂದ ಅಪ್ಪ ಅವ್ವ ಮೇಲೆ ಗಾರೆ ಹೊರುತ್ತಿದ್ದರೆ, ಏಳೆಂಟು ವರ್ಷದ ಹುಡುಗಿ ಕೆಳಗೆ ತಮ್ಮನನ್ನು ಎತ್ತಿಕೊಂಡು ನಿಂತಿರುತ್ತಾಳೆ. ಕಟ್ಟಡ ಮುಗಿದ ದಿನ ಷೆಡ್ಡು ಏಳುತ್ತದೆ. ಮನೆ ಕಟ್ಟಿಕೊಟ್ಟವರು ಮತ್ತೆ ಮನೆಯಿಲ್ಲದವರಾಗುತ್ತಾರೆ. ಊರಿನಲ್ಲಿ ಅವಳದೊಂದು ಶಾಲೆಯಿದೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರೂ ಇದ್ದೀತು. ಹುಡುಗಿ ಮಾತ್ರ ಇಲ್ಲಿ.

ನಮ್ಮಲ್ಲಿ ಶಾಸನವಿಲ್ಲವೆಂದು ಯಾರೂ ಭಾವಿಸಬಾರದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ. ವಯಸ್ಸಿನ ದಾಖಲೆಯಿಲ್ಲವೆಂದು ಮಗುವನ್ನು ಹಿಂದಿರುಗಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ವರ್ಗಾವಣೆಯ ಪತ್ರ ಬರಲು ತಡವಾಯಿತೆಂಬುದು ಪ್ರವೇಶ ನಿರಾಕರಿಸಲು ಕಾರಣವಾಗದು. ಆ ಪತ್ರವನ್ನು ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರೇ ಶಿಸ್ತಿನ ಕ್ರಮಕ್ಕೆ ಗುರಿಯಾಗುತ್ತಾರೆ. ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದೂ ಅದರಲ್ಲಿ ಬರೆದಿದೆ. ಕಟ್ಟಡದ ಬಳಿಯೇ ಪಾಠ ಹೇಳುವ ಟೆಂಟು ಶಾಲೆಗಳ ಪ್ರಯೋಗವನ್ನೂ ನಮ್ಮ ರಾಜ್ಯ ಮಾಡಿದೆ.

ಕೊರತೆಯಿರುವುದು ಅಮೆರಿಕದವರು ಬಹಳ ಪಾಡುಪಟ್ಟು ಕಲಿತ ಆ ಪಾಠದಲ್ಲಿ: ಹಕ್ಕನ್ನು ಬರೆದಿಟ್ಟರೆ ಸಾಲದು, ಅದನ್ನು ಮಗುವಿನ ಬಳಿಗೆ ಒಯ್ಯುವ ಒಬ್ಬ ಮನುಷ್ಯ ಬೇಕು. ಗಾರೆ ಹೊರುವ ತಾಯಿಗೆ ಕಾಯಿದೆಯ ವಿಧಿಗಳು ತಿಳಿದಿರಲಾರವು. ತಿಳಿದವರು ನಾವು. ಮುಂದಿನ ಸಲ ಆ ಬೀದಿಯಲ್ಲಿ ನಡೆದುಹೋಗುವಾಗ, ತಮ್ಮನನ್ನು ಎತ್ತಿಕೊಂಡು ನಿಂತ ಆ ಹುಡುಗಿಯನ್ನು ಒಂದು ಮಾತು ಕೇಳಬಹುದು: “ಏನವ್ವಾ, ಯಾವ ಸಾಲಿಗೆ ಹೋಗ್ತಿ?” ಅವಳು ತಲೆ ತಗ್ಗಿಸಿದರೆ, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಮೇಜಿನವರೆಗೆ ಅವಳ ತಾಯಿಯೊಡನೆ ನಡೆದುಹೋಗಲು ಅರ್ಧ ಗಂಟೆ ಸಾಕು. ಅಲ್ಲಿ ಯಾರಾದರೂ ವಿಳಾಸ ಕೇಳಿದರೆ, ಹೇಳಬೇಕಾದ ಉತ್ತರ ಈಗ ನಮಗೆ ಗೊತ್ತಿದೆ.